ಉಬ್ಬರ ಇಳಿಯುವವರೆಗೆ

ಕಾಪುವಿನ ಉತ್ತರಕ್ಕೆ, ಹೊಳೆ ಸಮುದ್ರ ಸೇರುವ ಅಳಿವೆಗಿಂತ ಸ್ವಲ್ಪ ಮೊದಲು, ಹಲಗೆ ಹಾಕಿದ ಒಂದು ಸಣ್ಣ ಧಕ್ಕೆ ಇದೆ. ನಾನು ದೋಣಿ ಕಟ್ಟಿಹಾಕುವುದು ಅಲ್ಲಿ. ಹದಿನೆಂಟು ಅಡಿಯ ಫೈಬರ್ ದೋಣಿ, ಹಿಂದೊಂದು ಇಂಜಿನ್, ಆರು ಮಂದಿಗೆ ಜಾಗ. ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಪ್ರವಾಸಿಗರನ್ನು ಹೊಳೆಯಲ್ಲಿ ಸುತ್ತಾಡಿಸುತ್ತೇನೆ. ಸಮುದ್ರ ಶಾಂತವಾಗಿದ್ದರೆ ಅಳಿವೆ ದಾಟಿ ಹೊರಗೂ ಒಂದು ಸುತ್ತು ಹೊಡೆಸುತ್ತೇನೆ. ಬರುವವರಲ್ಲಿ ಮಣಿಪಾಲದ ವಿದ್ಯಾರ್ಥಿಗಳೇ ಹೆಚ್ಚು. ಉಳಿದವರು ಉಡುಪಿಗೆ ಬಂದು ಒಂದು ದಿನ ಹೆಚ್ಚಿಗೆ ಉಳಿದವರು.

ಇದಕ್ಕೆ ಮೊದಲು ಹದಿನಾರು ವರ್ಷ ಗಲ್ಫಿನಲ್ಲಿದ್ದೆ. ಸಮುದ್ರದ ನಡುವಿನ ಎಣ್ಣೆ ಬಾವಿಗಳಿಗೆ ಕೆಲಸಗಾರರನ್ನು ದಾಟಿಸುವ ಲಾಂಚ್‌ನಲ್ಲಿ ನನ್ನ ಕೆಲಸ. ಅಲ್ಲಿನ ಕಪ್ತಾನನಿಗೆ ಒಂದು ಹಠವಿತ್ತು. ಹಗ್ಗ ಬಿಚ್ಚುವ ಮೊದಲು ಪ್ರತಿಯೊಂದು ಸಾಮಾನನ್ನೂ ಕೈಯಿಂದ ಮುಟ್ಟಬೇಕು, ಮುಟ್ಟಿದ್ದನ್ನು ಬಾಯಿಬಿಟ್ಟು ಹೇಳಬೇಕು. ಕಣ್ಣಿಗೆ ಕಂಡರೆ ಅವನಿಗೆ ಸಾಲುತ್ತಿರಲಿಲ್ಲ. ಊರಿಗೆ ಬಂದ ಮೇಲೂ ನನಗೆ ಆ ಅಭ್ಯಾಸ ಬಿಟ್ಟುಹೋಗಲಿಲ್ಲ. ದೋಣಿಯ ತಳದ ತೂತಿನ ಬಿರಡೆ ಬಿಗಿ ಇದೆಯೇ, ಪೆಟ್ರೋಲಿನ ವಾಸನೆ ಎಲ್ಲಾದರೂ ಬರುತ್ತಿದೆಯೇ, ಲಂಗರಿನ ಹಗ್ಗ ಗೋಜಲಾಗಿಲ್ಲವಷ್ಟೇ, ಹುಟ್ಟು, ನೀರು ಮೊಗೆಯುವ ಡಬ್ಬ, ಸೀಟಿ, ಲೈಫ್ ಜಾಕೆಟು, ಗಾಳಿ, ನೀರಿನ ಏರಿಳಿತ, ಎಲ್ಲವೂ ನನ್ನ ಬಾಯಿಯಿಂದ ಒಂದೇ ಕ್ರಮದಲ್ಲಿ ಬರುತ್ತವೆ. ಕೊನೆಯದಾಗಿ, ದಡದಲ್ಲಿ ನಮಗಾಗಿ ಕಾಯುವವರ ಫೋನ್ ನಂಬರು. ಬಂದವರು ಮನೆಯವರದೋ ಸ್ನೇಹಿತರದೋ ಒಂದು ನಂಬರು ಕೊಡಬೇಕು. ಅದನ್ನು ಪುಸ್ತಕದಲ್ಲಿ ಬರೆದುಕೊಂಡು, ಒಮ್ಮೆ ಕರೆ ಮಾಡಿ, ಅತ್ತ ಕಡೆ ಯಾರಾದರೂ ಎತ್ತಿದ ಮೇಲೆಯೇ ಹಗ್ಗ ಬಿಚ್ಚುವುದು.

ನನ್ನ ಹೆಂಡತಿಗೆ ಇದೆಲ್ಲ ತಮಾಷೆ. “ನೀವು ಬೈಕ್ ಹತ್ತುವಾಗಲೂ ಪಟ್ಟಿ ಓದುತ್ತೀರಿ. ನಾವು ಮದುವೆಗೆ ಮುಟ್ಟುವಾಗ ಅಲ್ಲಿ ಬಿರಿಯಾನಿ ಮುಗಿದಿರುತ್ತದೆ” ಎನ್ನುತ್ತಾಳೆ.

ಈಗ ಹೇಳಹೊರಟದ್ದು ಒಂದು ಶುಕ್ರವಾರದ ಸಂಗತಿ. ಜುಮಾ ನಮಾಜ್ ಮುಗಿಸಿ, ಊಟ ಮಾಡಿ ನಾನು ಧಕ್ಕೆಗೆ ಬಂದಾಗ ಎರಡೂವರೆ ದಾಟಿತ್ತು. ಅವತ್ತು ಗಾಳಿಯೇ ಇರಲಿಲ್ಲ. ತೆಂಗಿನ ಗರಿ ಒಂದೂ ಅಲುಗುತ್ತಿರಲಿಲ್ಲ. ಆಕಾಶ ಬಿಳಿಚಿಕೊಂಡು ಹೊಳೆಯ ಬಣ್ಣಕ್ಕೇ ಬಂದುಬಿಟ್ಟಿತ್ತು, ಆಚೆ ದಡ ಎಲ್ಲಿ ಮುಗಿಯುತ್ತದೆ, ನೀರು ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುತ್ತಿರಲಿಲ್ಲ. ಆ ಹೊತ್ತಿಗೆ ದಿನವೂ ಗಲಾಟೆ ಮಾಡುವ ಕೊಕ್ಕರೆಗಳು ಎಲ್ಲಿ ಹೋಗಿದ್ದವೋ. ಉಬ್ಬರ ತುಂಬುತ್ತಿತ್ತು, ಆದರೆ ನೀರು ಏರುವ ಸದ್ದೂ ಇಲ್ಲ.

ಧಕ್ಕೆಯ ತುದಿಯಲ್ಲಿ ಒಬ್ಬರು ಕುಳಿತಿದ್ದರು. ಸುಮಾರು ಐವತ್ತು ವರ್ಷ, ತೆಳ್ಳಗಿನ ಮನುಷ್ಯ. ಹೊಸ ಬಿಳಿ ಅಂಗಿ ಹಾಕಿದ್ದರು. ಪೊಟ್ಟಣದಲ್ಲಿ ಮಡಚಿಟ್ಟ ಗೆರೆಗಳು ಎದೆಯ ಮೇಲೆ ಹಾಗೆಯೇ ಇದ್ದವು, ಕಾಲರಿನ ಕೆಳಗೆ ಅಂಗಡಿಯವರು ಚುಚ್ಚಿದ ಗುಂಡುಸೂಜಿಯನ್ನೂ ತೆಗೆದಿರಲಿಲ್ಲ. ಕಾಲಲ್ಲಿ ಪಾಲಿಶ್ ಮಾಡಿದ ಕಪ್ಪು ಶೂ. ಪಕ್ಕದಲ್ಲಿ ನೀಲಿ ರೆಕ್ಸಿನ್ ಬ್ಯಾಗು.

“ಎಷ್ಟು ಜನ ಇದ್ದೀರಿ?” ಎಂದು ತುಳುವಿನಲ್ಲಿ ಕೇಳಿದೆ. ನೋಡಿದರೆ ಈ ಕಡೆಯವರೇ ಎಂದು ಗೊತ್ತಾಗುತ್ತಿತ್ತು.

“ನಾನೊಬ್ಬನೇ. ಅಳಿವೆ ದಾಟಿ ಹೊರಗೆ ಹೋಗಬೇಕು” ಎಂದು ಅವರು ಕನ್ನಡದಲ್ಲಿ ಹೇಳಿದರು. ಪುಸ್ತಕ ಓದಿದ ಹಾಗೆ, ಒಂದೊಂದು ಅಕ್ಷರವನ್ನೂ ಬಿಡಿಸಿ. ತುಳು ಗೊತ್ತಿದ್ದೂ ಒಬ್ಬರು ತುಳುವಿಗೆ ಕನ್ನಡದಲ್ಲಿ ಉತ್ತರ ಕೊಟ್ಟರೆ ನಮ್ಮೂರಲ್ಲಿ ಅದೊಂದು ಬಾಗಿಲು ಹಾಕಿಕೊಂಡ ಹಾಗೆ. ನಾನೂ ಕನ್ನಡಕ್ಕೆ ಬಂದೆ.

ಬಂದವರು ಸಾಮಾನ್ಯವಾಗಿ ಡಾಲ್ಫಿನ್ ಕಾಣುತ್ತದೆಯೇ, ಫೋಟೋ ಎಲ್ಲಿ ಚೆನ್ನಾಗಿ ಬರುತ್ತದೆ ಎಂದು ಕೇಳುತ್ತಾರೆ. ಇವರು ಕೇಳಿದ್ದು ಒಂದೇ ಮಾತು. “ಹೊರಗೆ ಆಳ ಎಷ್ಟು ಉಂಟು?”

“ನಾವು ಹೋಗುವಷ್ಟು ದೂರದಲ್ಲಿ ನಾಲ್ಕೈದು ಮಾರು ಇರಬಹುದು” ಎಂದೆ. ಅವರು ತಲೆಯಾಡಿಸಿದರು, ಸಾಕು ಎನ್ನುವ ಹಾಗೆ.

ಆಮೇಲೆ ಬ್ಯಾಗು ಎತ್ತಿ ದೋಣಿಯ ಮೂತಿಯ ಕಡೆ ಇಟ್ಟರು. ಎರಡೂ ಕೈಯಲ್ಲಿ ಮೆಲ್ಲಗೆ, ಭಾರವೇ ಇಲ್ಲ ಎಂಬ ಮುಖ ಮಾಡಿಕೊಂಡು ಇಟ್ಟರು. ಆದರೆ ಅವರ ಕತ್ತಿನ ನರ ಉಬ್ಬಿದ್ದು ನನಗೆ ಕಂಡಿತು. ಬ್ಯಾಗು ತಳ ಮುಟ್ಟಿದ್ದೇ ದೋಣಿ ಮೂತಿ ತಗ್ಗಿಸಿತು, ಧಕ್ಕೆಗೆ ಕಟ್ಟಿದ ಹಗ್ಗ ಕಿರ್ ಎಂದು ಬಿಗಿಯಿತು. ಬಟ್ಟೆಬರೆಯ ಬ್ಯಾಗು ಇಟ್ಟರೆ ನನ್ನ ದೋಣಿ ಹಾಗೆ ಬಗ್ಗುವುದಿಲ್ಲ.

“ಎಂತ ಉಂಟು ಇದರಲ್ಲಿ?”

“ನನ್ನ ಸಾಮಾನು.”

ಅಷ್ಟು ಹೇಳಿ ಅವರು ನಡುವಿನ ಹಲಗೆಯ ಮೇಲೆ ನೇರವಾಗಿ ಕುಳಿತರು. ನಾನು ದೋಣಿಗಿಳಿದು, ಬಗ್ಗಿ, ದಿನದಂತೆ ನನ್ನ ಕೆಲಸ ಶುರುಮಾಡಬೇಕೆಂದು ಬಾಯಿ ತೆರೆದೆ.

“ಈಗ ಬಿರಡೆ, ಅಲ್ವಾ?” ಎಂದರು ಅವರು.

ನನ್ನ ಕೈ ಅಲ್ಲೇ ನಿಂತಿತು. ಏನೋ ಊಹೆಯಿಂದ ಹೇಳಿರಬಹುದು ಎಂದುಕೊಂಡು ಬಿರಡೆ ಮುಟ್ಟಿ ನೋಡಿದೆ. ಮೇಲೆದ್ದೆ. “ಈಗ ಪೆಟ್ರೋಲಿನ ವಾಸನೆ.” ವಾಸನೆ ನೋಡಿದೆ. “ಆಮೇಲೆ ಲಂಗರಿನ ಹಗ್ಗ. ಆಮೇಲೆ ಹುಟ್ಟು.” ನನ್ನ ಪಟ್ಟಿಯನ್ನು ನನಗಿಂತ ಒಂದು ಹೆಜ್ಜೆ ಮುಂದೆ ಅವರು ಓದುತ್ತಿದ್ದರು, ಒಂದೂ ತಪ್ಪಿಲ್ಲದೆ, ಮೆಲ್ಲನೆಯ ದನಿಯಲ್ಲಿ, ನನ್ನ ಮುಖ ನೋಡದೆ. ಆ ಪಟ್ಟಿ ಎಲ್ಲಿಯೂ ಬರೆದಿಟ್ಟದ್ದಲ್ಲ, ಯಾರಿಗೂ ಕಲಿಸಿದ್ದೂ ಅಲ್ಲ. ಮಟಮಟ ಹಗಲಿನಲ್ಲಿ ನನ್ನ ಬೆನ್ನು ತಣ್ಣಗಾಯಿತು.

ಧಕ್ಕೆಯ ಆಚೆ ಬದಿಯಲ್ಲಿ, ಮೊಣಕಾಲು ನೀರಿನಲ್ಲಿ, ಮರುವಾಯಿ ಹೆಕ್ಕುವ ಹೆಂಗಸೊಬ್ಬರು ತಮ್ಮ ಬುಟ್ಟಿ ತೊಳೆಯುತ್ತಿದ್ದರು. ನೀರು ಏರಿದ್ದರಿಂದ ಅವರ ಅವತ್ತಿನ ಚಿಪ್ಪು ಹೆಕ್ಕುವ ಕೆಲಸ ಮುಗಿದಿತ್ತು. ವರ್ಷಗಳಿಂದ ಪರಿಚಯದವರು. ಅವರು ಕಣ್ಣಿನಲ್ಲೇ ನನ್ನನ್ನು ಕರೆದರು. ಹಗ್ಗ ಸರಿಮಾಡುವ ನೆಪದಲ್ಲಿ ಹತ್ತಿರ ಹೋದೆ.

“ಈ ಜನ ನಿನ್ನೆಯೂ ಬಂದಿತ್ತು, ಮೊನ್ನೆಯೂ ಬಂದಿತ್ತು” ಎಂದು ಪಿಸುಗುಟ್ಟಿದರು. “ಆ ಮುಂಡುಗದ ಪೊದೆಯ ಹಿಂದೆ ಕೂತುಕೊಂಡು ನೀವು ದೋಣಿ ಬಿಡುವುದನ್ನೇ ನೋಡುತ್ತಿತ್ತು. ನೀವು ಹೇಳಿದ ಹಾಗೆಯೇ ಬಾಯಿ ಆಡಿಸುತ್ತಿತ್ತು. ನನಗೆ ಹೆದರಿಕೆಯಾಗಿ ನಾನು ಆ ಕಡೆ ಹೋಗಲೇ ಇಲ್ಲ.”

ಮೂರು ದಿನ! ನಾನು ಒಮ್ಮೆಯೂ ನೋಡಿರಲಿಲ್ಲ. ಎಲ್ಲವನ್ನೂ ಮುಟ್ಟಿ ನೋಡುವವನು ನಾನು, ಇಪ್ಪತ್ತು ಹೆಜ್ಜೆ ದೂರದ ಪೊದೆಯನ್ನು ನೋಡಿರಲಿಲ್ಲ.

ಹಿಂದಿರುಗಿ ಬಂದಾಗ ಅವರು ಕೆಂಪು ಹಗ್ಗವನ್ನು ಕೈಯಲ್ಲಿ ಹಿಡಿದುಕೊಂಡಿದ್ದರು. ಇಂಜಿನಿಗೆ ಸಿಕ್ಕಿಸಿ ಇನ್ನೊಂದು ತುದಿಯನ್ನು ನಾನು ಮಣಿಕಟ್ಟಿಗೆ ಹಾಕಿಕೊಳ್ಳುವ ಹಗ್ಗ ಅದು. ನಾನು ನೀರಿಗೆ ಬಿದ್ದರೆ ಅದು ಕಳಚಿ ಇಂಜಿನ್ ತಾನಾಗಿ ನಿಲ್ಲುತ್ತದೆ.

“ಇದನ್ನು ಎಳೆದರೆ ದೋಣಿ ನಿಲ್ಲುತ್ತದಲ್ವಾ?” ಎಂದು ಕೇಳಿದರು.

“ಹೌದು. ಕೊಡಿ ಇಲ್ಲಿ.”

ಕೊಟ್ಟರು. ಮಕ್ಕಳು ಆಟದ ಸಾಮಾನು ಮರಳಿಸುವಂತೆ ತಕ್ಷಣ ಕೊಟ್ಟರು. ನಿಜ ಹೇಳಬೇಕೆಂದರೆ ಆಗ ನನಗೆ ಅವರ ಮೇಲೆ ಕನಿಕರ ಬಂದಿರಲಿಲ್ಲ, ಬಂದದ್ದು ಭಯ. ಈ ಮನುಷ್ಯ ನನ್ನನ್ನು ಏನು ಮಾಡಲಿಕ್ಕಿದ್ದಾನೆ ಎಂಬ ಭಯ.

ಜಾಕೆಟು ತೊಡಿಸಿದೆ. ಬೇಡ ಎನ್ನಲಿಲ್ಲ, ಆದರೆ ಬಕ್ಕಲು ಹಾಕಿಕೊಳ್ಳಲಿಲ್ಲ. ನಾನೇ ಹಾಕಿದೆ. ಹಾಕುವಾಗ ಅವರ ಎದೆ ಬಡಿದುಕೊಳ್ಳುವುದು ನನ್ನ ಬೆರಳಿಗೆ ತಿಳಿಯಿತು, ಮುಖ ಮಾತ್ರ ಹೊಳೆಯ ನೀರಿನ ಹಾಗೆ ನಿಶ್ಚಲ. ಕೊನೆಗೆ ಪುಸ್ತಕ ತೆಗೆದೆ.

“ದಡದಲ್ಲಿರುವವರ ನಂಬರು ಹೇಳಿ.”

ಒಂದು ಕ್ಷಣ ತಡೆದು ಹತ್ತು ಅಂಕಿ ಹೇಳಿದರು. ಬರೆದುಕೊಂಡೆ. ನನ್ನ ಫೋನಿನಿಂದ ಕರೆ ಮಾಡಿದೆ.

ಕಿವಿಯಲ್ಲಿ ರಿಂಗು ಕೇಳಿತು. ಅದರ ಜೊತೆಗೇ ದೋಣಿಯ ಮೂತಿಯಿಂದ ಗುರ್ರ್, ಗುರ್ರ್ ಎಂಬ ಸದ್ದು ಬಂತು. ನೀಲಿ ಬ್ಯಾಗಿನ ತಳದಿಂದ, ಭಾರವಾದ ಏನೋ ಒಂದರ ಅಡಿಯಲ್ಲಿ ಸಿಕ್ಕಿಕೊಂಡ ಹಾಗೆ. ದೋಣಿಯ ಫೈಬರ್ ತಳವೇ ಸಣ್ಣಗೆ ನಡುಗಿತು. ನಾನು ಕರೆ ಕಟ್ ಮಾಡಿದೆ, ಸದ್ದು ನಿಂತಿತು. ಇನ್ನೊಮ್ಮೆ ಒತ್ತಿದೆ, ಮತ್ತೆ ಶುರುವಾಯಿತು.

“ಇದು ನಿಮ್ಮದೇ ನಂಬರಲ್ವಾ?”

“ಹೌದು.”

“ಬೇರೆ ಯಾರದ್ದಾದರೂ ಹೇಳಿ. ನೀವು ಬರುವುದು ತಡವಾದರೆ ಯಾರಿಗೆ ತಿಳಿಸಬೇಕು?”

“ತಡವಾಗುವುದಿಲ್ಲ” ಎಂದರು.

ಆಗ ನನಗೆ ಎಲ್ಲ ಅರ್ಥವಾಯಿತು. ಬ್ಯಾಗಿನಲ್ಲಿ ಏನಿದೆ ಎಂದು ತೆರೆದು ನೋಡುವ ಅಗತ್ಯವೇ ಉಳಿಯಲಿಲ್ಲ.

ಬರುವುದಿಲ್ಲ, ಇಳಿಯಿರಿ ಎಂದುಬಿಡುವುದು ಸುಲಭವಿತ್ತು. ಆದರೆ ಇಳಿದು ಇವರು ಎಲ್ಲಿಗೆ ಹೋಗುತ್ತಾರೆ? ಮೂರು ದಿನ ಕಾದವರು ನಾಲ್ಕನೆಯ ದಿನ ಬೇರೆ ಕಡೆ ಹೋಗಿ ಕೂರುತ್ತಾರೆ, ಅಲ್ಲಿ ಪಟ್ಟಿ ಓದುವವನು ಇರುತ್ತಾನೋ ಇಲ್ಲವೋ. ಹಿಡಿದು ಕಟ್ಟಿಹಾಕಲು ನನಗೆ ಧೈರ್ಯವಿಲ್ಲ, ಜೋರಾಗಿ ಕೂಗಿದರೆ ಅವರು ಪಕ್ಕದ ನೀರಿಗೇ ಬಿದ್ದರೆ ಎಂಬ ಹೆದರಿಕೆ ಬೇರೆ. ಏನು ಮಾಡಬೇಕೆಂದು ತಿಳಿಯದೆ ನನಗೆ ಗೊತ್ತಿದ್ದ ಒಂದೇ ಕೆಲಸಕ್ಕೆ ಕೈ ಹಾಕಿದೆ.

“ಇಂಜಿನ್ ಯಾಕೋ ಸರಿ ಇಲ್ಲ” ಎಂದೆ. “ನೋಡದೆ ಹೊರಡುವ ಹಾಗಿಲ್ಲ. ಸ್ವಲ್ಪ ಕೂತುಕೊಳ್ಳಿ.”

ಇಂಜಿನಿನ ಮುಚ್ಚಳ ತೆಗೆದೆ. ಪೆಟ್ರೋಲಿನ ಪೈಪು ಕಳಚಿದೆ, ಊದಿದೆ, ಮತ್ತೆ ಸೇರಿಸಿದೆ. ಬ್ಯಾಟರಿಯ ತಂತಿ ಬಿಚ್ಚಿ ಉಜ್ಜಿದೆ. ಗಡಿಯಾರ ನೋಡಿದೆ, ಮೂರೂ ಹತ್ತು. ಮೂರೂವರೆಗೆ ಉಬ್ಬರ ತುಂಬುತ್ತದೆ. ಆಮೇಲೆ ನೀರು ಹೊರಗೆ ಎಳೆಯಲು ಶುರುಮಾಡಿದರೆ ಅಳಿವೆಯಲ್ಲಿ ಹೊಳೆಯ ಸೆಳೆತವೂ ಸಮುದ್ರದ ಅಲೆಯೂ ಎದುರುಬದುರಾಗಿ ಬಡಿದಾಡುತ್ತವೆ. ಅದರಲ್ಲಿ ಸಣ್ಣ ದೋಣಿ ಹಾಕಲಾಗುವುದಿಲ್ಲ. ಉಬ್ಬರ ಇಳಿಯುವವರೆಗೆ ಇವರನ್ನು ಧಕ್ಕೆಯಲ್ಲಿ ಇಟ್ಟುಕೊಂಡರೆ ಸಾಕು, ಮುಂದಿನದು ಮುಂದೆ.

“ಸ್ಪಾರ್ಕ್ ಪ್ಲಗ್ ತೆಗೆಯುತ್ತೇನೆ. ನನಗೆ ಎರಡೇ ಕೈ. ನೀವು ಸ್ವಲ್ಪ ಉಜ್ಜಿ ಕೊಡುತ್ತೀರಾ?”

ಅವರು ನನ್ನ ಕೈಯಲ್ಲಿದ್ದ ಪ್ಲಗ್ಗನ್ನು ಬಹಳ ಹೊತ್ತು ನೋಡಿದರು. ಆಮೇಲೆ ತೆಗೆದುಕೊಂಡರು. ಉಜ್ಜುವ ಕಾಗದದ ತುಂಡನ್ನು ಬೆರಳಿನಷ್ಟು ಅಗಲಕ್ಕೆ ಮಡಚಿ, ತುದಿಯ ಸಂದಿಯೊಳಗೆ ತೂರಿಸಿ, ಎರಡು ಬೆರಳಲ್ಲಿ ತಿರುಗಿಸತೊಡಗಿದರು. ಹೀಗೆ ಕೆಲಸ ಮಾಡುವ ಕೈಯನ್ನು ನಾನು ಅಪರೂಪಕ್ಕೆ ನೋಡಿದ್ದೇನೆ. ಮುಖದಲ್ಲಿ ಜೀವ ಇರಲಿಲ್ಲ, ಕಣ್ಣಲ್ಲಿ ಇರಲಿಲ್ಲ, ಬೆರಳುಗಳಲ್ಲಿ ಮಾತ್ರ ಇತ್ತು. ಆ ಮುಖವೂ ಆ ಬೆರಳುಗಳೂ ಒಬ್ಬ ಮನುಷ್ಯನವೇ ಎಂದು ನಂಬುವುದು ಕಷ್ಟವಾಯಿತು.

“ಎಂತ ಕೆಲಸ ನಿಮ್ಮದು?”

“ಹೊಲಿಗೆ ಯಂತ್ರ ರಿಪೇರಿ. ಕಾರ್ಕಳದಲ್ಲಿ ಅಂಗಡಿ. ಮನೆ ಕುಕ್ಕುಂದೂರು.”

ಅದು ಮುಗಿದ ಕೂಡಲೇ ಎರಡನೆಯ ಪ್ಲಗ್ಗು ಕೊಟ್ಟೆ. ಅದೂ ಆಯಿತು. ಪೆಟ್ಟಿಗೆಯಲ್ಲಿದ್ದ ಹಳೆಯ ಒಂದನ್ನು ಕೊಟ್ಟೆ, ಅದಕ್ಕೆ ಬಹಳ ಹೊತ್ತು ಹಿಡಿಯಿತು. ಬ್ಯಾಗಿನೊಳಗಿನ ಫೋನು ಈಗ ತಾನಾಗಿ ಗುರ್ರೆನ್ನಲು ಶುರುಮಾಡಿತ್ತು. ನಿಲ್ಲುತ್ತಿತ್ತು, ಮತ್ತೆ ಗುರ್ರೆನ್ನುತ್ತಿತ್ತು. ಯಾರೋ ಅವರನ್ನು ಹುಡುಕುತ್ತಿದ್ದರು. ಆ ಸದ್ದು ಬಂದಾಗಲೆಲ್ಲ ಅವರ ಬೆರಳು ನಿಲ್ಲುತ್ತಿತ್ತು, ಸದ್ದು ನಿಂತ ಮೇಲೆ ಮುಂದುವರಿಯುತ್ತಿತ್ತು. ಗಾಳಿಯಿಲ್ಲದ ಆ ಮಧ್ಯಾಹ್ನದಲ್ಲಿ ಬೇರೆ ಯಾವ ಶಬ್ದವೂ ಇರಲಿಲ್ಲ. ನೀರಿನ ಅಡಿಯಿಂದ ಯಾರೋ ಕರೆಯುತ್ತಿರುವ ಹಾಗಿತ್ತು.

ಮರುವಾಯಿಯ ಹೆಂಗಸು ಬುಟ್ಟಿ ಹೊತ್ತುಕೊಂಡು ಮೇಲೆ ಬಂದರು. ದಿನವೂ ಆ ಹೊತ್ತಿಗೆ ಮನೆಗೆ ಹೋಗುವವರು. ನನ್ನ ಮುಖ ನೋಡಿ ಏನು ತಿಳಿದುಕೊಂಡರೋ, ಬುಟ್ಟಿಯನ್ನು ಧಕ್ಕೆಯ ಮೇಲಿಟ್ಟು ಕಾಲು ಚಾಚಿ ಕುಳಿತರು.

“ನಾನೆಲ್ಲಿಗೂ ಹೋಗುವುದಿಲ್ಲ ಮಾರಾಯರೇ, ಇಲ್ಲೇ ಕೂತುಕೊಂಡು ಚೊಕ್ಕ ಮಾಡುತ್ತೇನೆ” ಎಂದು ಯಾರೂ ಕೇಳದೆ ಗಟ್ಟಿಯಾಗಿ ಹೇಳಿ, ಚಿಪ್ಪುಗಳನ್ನು ಒಂದೊಂದಾಗಿ ಆರಿಸತೊಡಗಿದರು. ಅವರು ಕುಳಿತದ್ದು ದೋಣಿಯ ಹಗ್ಗ ಕಟ್ಟಿದ ಗೂಟಕ್ಕೆ ಬೆನ್ನು ಕೊಟ್ಟು.

ನಾಲ್ಕು ಗಂಟೆ ಆಗುವಾಗ ನನ್ನ ಬಳಿ ಕೊಡಲು ಏನೂ ಉಳಿದಿರಲಿಲ್ಲ. ಮೊದಲು ಉಜ್ಜಿದ್ದನ್ನೇ ತಿರುಗಿ ಅವರ ಕೈಗಿಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದರು.

“ಇದು ಆಗಲೇ ಚೊಕ್ಕ ಆಗಿದೆಯಲ್ಲ?”

ನನಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಹೌದು” ಎಂದೆ.

ಅವರು ಕಾಗದ ಮಡಚಿ ಅದನ್ನೇ ಮತ್ತೆ ಉಜ್ಜತೊಡಗಿದರು.

ಸ್ವಲ್ಪ ಹೊತ್ತಿನಲ್ಲಿ ದೋಣಿ ತಾನಾಗಿ ಮೆಲ್ಲಗೆ ತಿರುಗಿ ಮೂತಿಯನ್ನು ಹೊಳೆಯ ಮೇಲ್ಗಡೆಗೆ ಮಾಡಿತು. ಇಳಿತ ಶುರುವಾಗಿತ್ತು. ದೂರದಲ್ಲಿ ಅಳಿವೆಯ ಮೇಲೆ ಬಿಳಿ ಗೆರೆ ಎದ್ದದ್ದು ಕಂಡಿತು, ಸದ್ದು ಆಮೇಲೆ ಬಂತು. ನಾನು ಇಂಜಿನಿನ ಮುಚ್ಚಳ ಹಾಕಿ ಅವರ ಎದುರು ಕುಳಿತೆ.

“ಇವತ್ತು ಇನ್ನು ಆಗುವುದಿಲ್ಲ. ನೀರು ತಿರುಗಿತು.”

ಅವರು ಅಳಿವೆಯ ಕಡೆ ನೋಡಿದರು. ಎದ್ದುಬಿಡುತ್ತಾರೆ ಎಂದು ನನ್ನ ಎರಡೂ ಕೈ ಸಿದ್ಧವಾಗಿದ್ದವು. ಅವರು ಏಳಲಿಲ್ಲ. ಹೆಗಲು ಕುಸಿದು, ಜಾಕೆಟಿನ ಒಳಗೆ ಮನುಷ್ಯ ಸಣ್ಣಗಾದ ಹಾಗೆ ಕಂಡಿತು. ಆಗ ಮೊದಲ ಸಲ ತುಳುವಿನಲ್ಲಿ ಮಾತಾಡಿದರು.

“ಒಂದು ವರ್ಷದಿಂದ ನಿದ್ದೆ ಇಲ್ಲ ಅಣ್ಣ. ಮನೆಯಲ್ಲಿ ಎಲ್ಲ ಸರಿ ಉಂಟು. ಅಂಗಡಿ ಸರಿ ಉಂಟು. ಯಾರೂ ಏನೂ ಅಂದಿಲ್ಲ. ನನಗೆ ಮಾತ್ರ ಏನೂ ರುಚಿಸುವುದಿಲ್ಲ, ಎಲ್ಲ ಒಂದೇ ಬಣ್ಣದಲ್ಲಿ ಕಾಣುತ್ತದೆ. ಇದನ್ನು ಯಾರಿಗೆ ಅಂತ ಹೇಳುವುದು? ಹೇಳಿದರೆ ನಿನಗೆ ಎಂತ ಕಮ್ಮಿ ಅಂತ ಕೇಳುತ್ತಾರೆ.”

ನಾನು ಹಾಗೆ ಕೇಳಲಿಲ್ಲ. ಹೆಂಡತಿ ಕಳಿಸಿದ್ದ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟೆ. ಕುಡಿದರು. ಬ್ಯಾಗು ಮತ್ತೆ ಗುರ್ರೆಂದಿತು. ಈ ಸಲ ಅವರೇ ಮುಂದೆ ಬಗ್ಗಿ ಜಿಪ್ ಎಳೆದು, ಒಳಗೆ ಭುಜದವರೆಗೆ ಕೈ ಹಾಕಿ ಫೋನ್ ತೆಗೆದು ನನ್ನ ಕಡೆ ಚಾಚಿದರು. “ನೀವೇ ಮಾತಾಡಿ. ನನ್ನ ಅಕ್ಕ.”

ಅಕ್ಕ ಅಂಬಲಪಾಡಿಯಲ್ಲಿರುವವರು. ಬೆಳಿಗ್ಗೆಯಿಂದ ತಮ್ಮನಿಗೆ ಫೋನ್ ಮಾಡಿ ಮಾಡಿ ಅವರ ದನಿ ಬತ್ತಿಹೋಗಿತ್ತು. ನಾನು ಜಾಗ ಹೇಳಿ, “ಇಲ್ಲಿದ್ದಾರೆ, ಚಹಾ ಕುಡಿಯುತ್ತಿದ್ದಾರೆ, ಬನ್ನಿ” ಎಂದಷ್ಟೇ ಹೇಳಿದೆ. ಆಕೆ ಒಂದೂ ಪ್ರಶ್ನೆ ಕೇಳಲಿಲ್ಲ. ಅರ್ಧ ಗಂಟೆಯಲ್ಲಿ ಗಂಡನ ಜೊತೆ ಕಾರಿನಲ್ಲಿ ಬಂದರು. ಅಷ್ಟು ಹೊತ್ತೂ ನಾವು ಮೂವರು ಚಿಪ್ಪುಗಳ ಟಕ್ ಟಕ್ ಸದ್ದು ಕೇಳುತ್ತಾ ಕುಳಿತಿದ್ದೆವು.

ಅಕ್ಕ ಧಕ್ಕೆಯ ಮೇಲೆ ನಡೆದು ಬಂದು ತಮ್ಮನನ್ನು ನೋಡಿದರು. ಅಳಲಿಲ್ಲ. ದೋಣಿಯಿಂದ ಅವರ ಬ್ಯಾಗು ತೆಗೆದುಕೊಳ್ಳಲು ಬಗ್ಗಿದರು. ಎತ್ತಲಾಗಲಿಲ್ಲ. ಇನ್ನೊಮ್ಮೆ ಎಳೆದರು. ಆಮೇಲೆ ನನ್ನ ಮುಖ ನೋಡಿದರು. ಆ ನೋಟವನ್ನು ಇಲ್ಲಿ ಬರೆಯಲು ನನಗೆ ಬರುವುದಿಲ್ಲ. ಬ್ಯಾಗಿನ ಹಿಡಿಯನ್ನು ಬಿಟ್ಟು, ತಮ್ಮನ ಜಾಕೆಟಿನ ಬಕ್ಕಲುಗಳನ್ನು ಒಂದೊಂದಾಗಿ ಬಿಚ್ಚಿ, ಕಾಲರಿನ ಕೆಳಗಿನ ಗುಂಡುಸೂಜಿಯನ್ನು ಕಿತ್ತು, ಕೈಹಿಡಿದು ಮೇಲೆ ಹತ್ತಿಸಿಕೊಂಡರು. ಭಾವ, “ಸೀದಾ ಮಣಿಪಾಲಕ್ಕೆ ಹೋಗುವ, ಡಾಕ್ಟರ ಹತ್ತಿರ” ಎಂದರು. ಅವರು ಬೇಡ ಎನ್ನಲಿಲ್ಲ.

ಅವರು ಹೋದ ಮೇಲೆ ಬ್ಯಾಗು ತೆರೆದೆವು. ಕಪ್ಪು ಕಲ್ಲುಗಳು. ಒಂದೊಂದನ್ನೂ ಹಳೆಯ ಪತ್ರಿಕೆಯಲ್ಲಿ ಸುತ್ತಿ, ದಾರ ಕಟ್ಟಿಟ್ಟಿದ್ದರು, ಒಡೆದುಹೋಗುವ ಸಾಮಾನಿನ ಹಾಗೆ. ಮರುವಾಯಿಯ ಹೆಂಗಸು ಅದನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. ಹೊಳೆಗೆ ಹಾಕಲು ನನಗೆ ಮನಸ್ಸಾಗಲಿಲ್ಲ. ದಾರಿಯ ಬದಿಯಲ್ಲಿ ಕಂಪೌಂಡು ಕಟ್ಟುತ್ತಿದ್ದವರ ಕಲ್ಲಿನ ರಾಶಿಗೆ ಕತ್ತಲಾಗುವ ಮೊದಲೇ ಸೇರಿಸಿ ಬಂದೆ.

ಆ ತಿಂಗಳು ನಾನು ಬಹಳ ಕಷ್ಟಪಟ್ಟೆ. ದೋಣಿಯಲ್ಲಿ ಬಗ್ಗಿ ಬಿರಡೆ ಮುಟ್ಟಿದಾಗಲೆಲ್ಲ ನನಗಿಂತ ಒಂದು ಹೆಜ್ಜೆ ಮುಂದೆ ಯಾರೋ ಮೆಲ್ಲಗೆ ಹೇಳುತ್ತಿದ್ದರು. ತಿರುಗಿ ನೋಡಿದರೆ ಮಣಿಪಾಲದ ಹುಡುಗಿಯರು ಸೆಲ್ಫಿ ತೆಗೆದುಕೊಳ್ಳುತ್ತಿರುತ್ತಿದ್ದರು. ಮುಂಡುಗದ ಪೊದೆಯನ್ನು ದಿನಕ್ಕೆರಡು ಸಲ ಸುತ್ತಿ ನೋಡಿ ಬರುತ್ತಿದ್ದೆ. ಕೊನೆಗೆ ಪಟ್ಟಿಯ ಕ್ರಮವನ್ನೇ ಬದಲಿಸಿದೆ. ಈಗ ನಾನು ಎಲ್ಲಕ್ಕಿಂತ ಮೊದಲು ಕೇಳುವುದು ದಡದಲ್ಲಿರುವವರ ನಂಬರು. ಹದಿನಾರು ವರ್ಷ ಕಲಿತದ್ದನ್ನು ಯಾಕೆ ಬದಲಿಸಿದಿರಿ ಎಂದು ಹೆಂಡತಿ ಕೇಳಿದಳು. ಅವತ್ತಿನ ಸಂಗತಿ ಆಕೆಗೆ ಮೊದಲ ಸಲ ಹೇಳಿದ್ದು ಆಗ. ಆಕೆ ನಗಲಿಲ್ಲ. ಮರುದಿನದಿಂದ ಫ್ಲಾಸ್ಕ್ ದೊಡ್ಡದಾಯಿತು.

ಅಕ್ಕ ಎರಡು ಸಲ ಫೋನ್ ಮಾಡಿದರು. ಮೊದಲ ಸಲ, ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ದಾರೆ, ಔಷಧಿ ಶುರುವಾಗಿದೆ ಎಂದು ಹೇಳಲು. ಎರಡನೆಯ ಸಲ ರಂಜಾನ್ ಕಳೆದ ಮೇಲೆ. ರಾತ್ರಿ ಐದು ಗಂಟೆ ನಿದ್ದೆ ಬರುತ್ತದಂತೆ, ಅರ್ಧ ದಿನ ಅಂಗಡಿ ತೆರೆಯುತ್ತಾರಂತೆ, ತಿಂಡಿಗೆ ಉಪ್ಪು ಕಡಿಮೆಯಾಯಿತು ಎಂದು ಹೆಂಡತಿಯ ಹತ್ತಿರ ಜಗಳವಾಡಿದರಂತೆ. ಆ ಜಗಳದ ವಿಷಯ ಹೇಳುವಾಗ ಅಕ್ಕನ ದನಿ ಒಡೆಯಿತು. “ಒಂದು ನಿಮಿಷ, ಅವನಿಗೆ ಕೊಡುತ್ತೇನೆ” ಎಂದರು.

ಅತ್ತ ಕಡೆ, ಹಿಂದೆ ಯಾವುದೋ ಯಂತ್ರ ಸ್ವಲ್ಪ ಓಡಿ ನಿಂತಿತು.

“ಮಳೆಗಾಲ ಮುಗಿದ ಮೇಲೆ ಬರಬೇಕು ಅಂತ ಉಂಟು” ಎಂದರು ತುಳುವಿನಲ್ಲಿ. “ಅಕ್ಕನನ್ನೂ ಕರೆದುಕೊಂಡು. ಬರಬಹುದಾ?”

“ಬನ್ನಿ” ಎಂದೆ. ಅವರು ಬರಲಿ ಎಂದು ನನಗೆ ನಿಜಕ್ಕೂ ಆಸೆ ಇದೆ. ಅವರು ದೋಣಿಗೆ ಕಾಲಿಡುವ ದಿನ ನಾನು ಹೇಗಿರುತ್ತೇನೋ ಗೊತ್ತಿಲ್ಲ. ಸದ್ಯಕ್ಕೆ ಮಳೆ ಹೊಯ್ಯುತ್ತಿದೆ, ದೋಣಿ ಮನೆಯ ಪಕ್ಕದಲ್ಲಿ ಟಾರ್ಪಾಲಿನ ಅಡಿ ಬೋರಲಾಗಿ ಮಲಗಿದೆ.